ಹಳದಿ ಅಂದರೆ ಮಸಾಲೆ ದೋಸೆ

ಕಪ್ಪು ಪರದೆಯ ಮೇಲೆ ಮಸಾಲೆ ದೋಸೆಯೊಂದು ಹಳದಿ ಅಕ್ಷರಗಳಲ್ಲಿ ಬಲದಿಂದ ಎಡಕ್ಕೆ ಸರಿದು ಹೋದದ್ದನ್ನು ಮೊದಲ ಸಲ ನೋಡಿದಾಗ ನನಗೆ ಐವತ್ತು ದಾಟಿತ್ತು. ಈ ವಯಸ್ಸಿನಲ್ಲಿ ಬೇರೆಯವರು ತೀರ್ಥಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾಗಿ ನೆರೆಯವರ ಶಾಪ ಕಟ್ಟಿಕೊಳ್ಳುತ್ತಾರೆ. ನಾನು ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ಆಫೀಸಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರಿನಲ್ಲಿ, ದೋಸೆ ಓಡಿಸುತ್ತಿದ್ದೆ. ಕಾಲೇಜು ಓದುವ ಮಗಳು ಹಿಂದಿನಿಂದ ಇಣುಕಿ, "ಪಪ್ಪಾ, ಐಸಾ ತೋ ಸ್ಟೇಶನ್ ಪೇ ಆತಾ ಹೈ," ಎಂದಳು. ಸ್ಟೇಶನ್ನಿನ ಬೋರ್ಡಿನಲ್ಲಿ ಗಾಡಿಯ ಹೆಸರು ಹೀಗೇ ಓಡುತ್ತದಂತೆ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ; ಉತ್ತರ ಮಾತ್ರ ಬೇರೆ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ.

"ಹೌದು," ಎಂದೆ, "ಇದೂ ಲೇಟಾಗಿಯೇ ಬರುವುದು."

ಇದೆಲ್ಲ ನನಗೆ ಬೇಕಿರಲಿಲ್ಲ. ಠಾಣೆ ಸ್ಟೇಶನ್ನಿನಲ್ಲಿ ಪೂರ್ವಕ್ಕೆ ಇಳಿದರೆ ಕೋಪರಿ. ಅಲ್ಲಿ ನನ್ನ ಅಣ್ಣನ ಹೋಟೆಲು. ಅಪ್ಪ ಕಟ್ಟಿದ್ದು, ಅಣ್ಣ ಹಿಡಿದುಕೊಂಡದ್ದು, ನಾನು ತಪ್ಪಿಸಿಕೊಂಡದ್ದು. ನಾನು ಕೋಪರಖೈರಣೆಯ ಹತ್ತಿರ ಒಂದು ಆಫೀಸಿನಲ್ಲಿ, ಎಲ್ಲೋ ಇರುವ ಕಂಪ್ಯೂಟರುಗಳು ಇನ್ನೂ ಉಸಿರಾಡುತ್ತಿವೆಯೇ ಎಂದು ಕಪ್ಪು ಪರದೆಯಲ್ಲಿ ನೋಡುತ್ತ ಕೂರುವವನು. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ. ಇದಕ್ಕೆ ನನಗೆ ಬೇರೆ ತರಬೇತಿ ಬೇಕಾಗಲಿಲ್ಲ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಸ್ಟೇಶನ್ನಿನಿಂದ ಮನೆಗೆ ಹಿಂದಿರುಗಿದವನು ನಾನು. ಸಂಜೆ ಠಾಣೆಯಲ್ಲಿ ಗಾಡಿ ಬದಲಿಸುವಾಗ ಹೊರಗೆ ಬಂದು, ಅಣ್ಣನಲ್ಲಿ ಒಂದು ಚಹಾ ಕುಡಿದು, ಡೊಂಬಿವಲಿಯ ಸ್ಲೋ ಲೋಕಲ್ ಗಾಡಿ ಹಿಡಿಯುವುದು ನನ್ನ ರೂಢಿ.

ಹೋಟೆಲಿನಲ್ಲಿ ಜನ ಕೂರುವ ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಕಿಟಕಿ. ಕಿಟಕಿಯಲ್ಲಿ ಮಾವ. ಯಾರ ಸ್ವಂತ ಮಾವನೂ ಅಲ್ಲ. ಕುಂದಾಪುರದ ಕಡೆಯಿಂದ ಅಪ್ಪನ ಕಾಲದಲ್ಲಿ ಬಂದು, ಮದುವೆಯಾಗದೆ, ಹೋಟೆಲಿನ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟವರು. ನನ್ನನ್ನು ಈಗಲೂ ಮಾಣಿ, ಅಂದರೆ ಹುಡುಗ, ಎಂದೇ ಕರೆಯುತ್ತಾರೆ. ಸಪ್ಲೈಯರುಗಳು ಟೇಬಲಿನಿಂದ ತಂದ ಆರ್ಡರನ್ನು ಅಡುಗೆಮನೆಗೆ ಕೂಗಿ ಹೇಳುವುದು ಅವರ ಕೆಲಸ. ಚೀಟಿ ಇಲ್ಲ, ಬರೆಯುವುದಿಲ್ಲ. "ಎರಡು ಮಸಾಲೆ, ಒಂದು ಸಾದಾ, ಒಂದು ಉತ್ತಪ್ಪ ಈರುಳ್ಳಿ ಇಲ್ಲದೆ!" ಎಂದು ಒಂದೇ ಉಸಿರಿನಲ್ಲಿ ಕೂಗಿ, ಅದರ ಬಾಲಕ್ಕೆ, "ಆಗ್ಳಿನ ಇಡ್ಲಿ ಎಂತ ಆಯ್ತ್? ಅಕ್ಕಿ ತರುಕೆ ಗದ್ದೆಗ್ ಹೋಯ್ತಾ?" ಎಂದು ಒಂದು ಬೈಗುಳ ಸೇರಿಸುತ್ತಿದ್ದರು.

ಒಳಗೆ ಕಾವಲಿಯ ಮುಂದೆ ಕಲಬುರಗಿಯವನೊಬ್ಬ. ಮೊದಲು ಕಟ್ಟಡಗಳಲ್ಲಿ ಸಿಮೆಂಟು ಹೊತ್ತು, ಬೆನ್ನು ಕೈಕೊಟ್ಟ ಮೇಲೆ ದೋಸೆಗೆ ಬಂದವನು. ಅವನೂ ಬಿಡುತ್ತಿರಲಿಲ್ಲ. "ತಡೀರಿ ಮಾವ, ನಿಮ್ ಬಾಯಿ ಓಡ್ದಂಗ ನನ್ ಕೈ ಓಡಂಗಿಲ್ರೀ!" ಎಂದು ಒಳಗಿನಿಂದಲೇ ಒದರುತ್ತಿದ್ದ. ಹೊಸ ಗಿರಾಕಿಗಳು ಜಗಳವೆಂದು ಗಾಬರಿಯಾಗುತ್ತಿದ್ದರು. ಹಳಬರು ಚಟ್ನಿ ಕೇಳುತ್ತಿದ್ದರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನ ದನಿ ಒಡೆಯಿತು. ಮೊದಲು ಶೀತ ಎಂದರು, ಆಮೇಲೆ ಕಷಾಯ ಎಂದರು, ಕೊನೆಗೆ ಗಂಟಲೊಳಗೆ ಒಂದು ಗಂಟು ಎಂದು ತಿಳಿಯಿತು. ಅದು ಕೆಟ್ಟ ಗಂಟಲ್ಲ ಎಂಬ ರಿಪೋರ್ಟು ಬರುವವರೆಗೆ ನಾನು ಅವರ ಪರವಾಗಿ ಇಂಟರ್ನೆಟ್ಟಿನಲ್ಲಿ ಅನೇಕ ಸಲ ಸತ್ತಿದ್ದೆ. ಆಪರೇಶನ್ ಆಯಿತು. ಕೆಲವು ತಿಂಗಳು ಪಿಸುಮಾತೂ ಬೇಡ, ಕೂಗುವುದಂತೂ ಇನ್ನು ಬಿಟ್ಟೇಬಿಡಿ ಎಂದರು ವೈದ್ಯರು.

ನಮ್ಮ ಮನೆಮಾತು ತುಳು. ಆದರೆ ಗಲ್ಲಾದಲ್ಲಿ ಕೂತರೆ ಅಣ್ಣನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಒಂದು ಸಂಜೆ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದ.

"ನೀನೇ ಹೇಳು, ಎಂತ ಮಾಡುದು? ಮಾವನನ್ನು ಟೇಬಲ್ ಒರೆಸ್ಲಿಕ್ಕೆ ಹಾಕ್ಲಿಕ್ಕೆ ಆಗ್ತದಾ? ಅಪ್ಪನ ಜೊತೆ ಕೂತು ಉಂಡವರು. ಸುಮ್ಮನೆ ಕೂರಿ ಅಂದ್ರೆ ಅವರು ಕೂರುವ ಜನ ಅಲ್ಲ. ಊರಲ್ಲಿ ಅವರ ಅಕ್ಕನ ಮಗ ಇದ್ದಾನೆ, ನೋಡ್ಕೊಳ್ತಾನೆ. ಆ ಟ್ಯಾಬ್ ಮಾರುವವ ಮತ್ತೆ ಫೋನ್ ಮಾಡಿದ್ದ. ಸಪ್ಲೈಯರ್ ಟೇಬಲಲ್ಲೇ ಒತ್ತಿದ್ರೆ ಒಳಗೆ ಚೀಟಿ ಬರ್ತದಂತೆ. ಕಿಟಕಿಯಲ್ಲಿ ಜನವೇ ಬೇಡ."

ಮಾವ ನಮಗೆ ಬೆನ್ನು ಹಾಕಿ ಕಿಟಕಿಯಲ್ಲಿ ನಿಂತಿದ್ದರು. ಹೋದದ್ದು ದನಿ, ಕಿವಿಯಲ್ಲ. ಸ್ವಲ್ಪ ಹೊತ್ತಿನಲ್ಲಿ ಬಂದು ಒಂದು ಹಳೆಯ ಬಿಲ್ಲಿನ ಹಿಂದೆ ಬರೆದು ನನ್ನ ಚಹಾದ ಪಕ್ಕಕ್ಕಿಟ್ಟರು: "ಊರಿಗ್ ಹೋಯಿ ಯಾರಿಗ್ ಬೈಲಿ?"

ನಾನು ನಕ್ಕೆ. ಅವರು ನಗಲಿಲ್ಲ.

ಯೋಚಿಸಿ, ಮತ್ತೆ ಯೋಚಿಸಿ, ಏನೂ ಮಾಡದಿರುವುದು ನನ್ನ ಸ್ವಭಾವ. ಆದರೆ ಆ ಸಂಜೆ ಚಿಂತೆ ಬಂದು ತಡೆಯುವ ಮೊದಲೇ ಬಾಯಿ ಹೇಳಿಬಿಟ್ಟಿತು: "ಅಣ್ಣ, ಒಳಗೆ ಕಿಟಕಿಯ ಮೇಲೆ ಒಂದು ಸ್ಕ್ರೀನ್ ಹಾಕಿದ್ರೆ? ಮಾವ ಇಲ್ಲಿ ಕೀ ಒತ್ತುವುದು, ಒಳಗೆ ಆರ್ಡರ್ ಬಣ್ಣದಲ್ಲಿ ಕಾಣುವುದು."

"ನೀನು ಮಾಡ್ತೀಯಾ?" ಎಂದ ಅಣ್ಣ. ಚಿಕ್ಕಂದಿನಲ್ಲಿ ನಾನು ಸಾಂಬಾರಿನ ಬಕೆಟ್ ಎತ್ತುತ್ತೇನೆ ಎಂದಾಗ ಕೇಳಿದ್ದ ಅದೇ ದನಿ. ಆಮೇಲೆ ಮಾವನ ಕಡೆ ನೋಡಿ ಮೆತ್ತಗಾದ. "ಆಯ್ತು. ಬರುವ ಸಂಕಷ್ಟಿವರೆಗೆ ನೋಡುವ. ಆ ದಿನದ ರಶ್ ಸುಧಾರಿಸಿದ್ರೆ ಮಾವ ಇಲ್ಲೇ. ಇಲ್ಲದಿದ್ರೆ ಟ್ಯಾಬ್ ತರ್ಸುದು."

ಸಂಕಷ್ಟಿ ಎಂದರೆ ನಮ್ಮ ಹೋಟೆಲಿಗೆ ಪರೀಕ್ಷೆಯ ದಿನ. ಉಪವಾಸದವರು ಬೆಳಗಿನಿಂದಲೇ ಸಬ್ಬಕ್ಕಿಯ ಸಾಬುದಾಣಾ ವಡೆಗೂ ಖಿಚಡಿಗೂ ಬರುತ್ತಾರೆ. ಸಂಜೆ ಆಫೀಸು ಬಿಟ್ಟವರು ಪಾರ್ಸಲ್ಲಿಗೆ ಮುತ್ತುತ್ತಾರೆ. ಉಪವಾಸವಿಲ್ಲದವರು ಎಂದಿನಂತೆ ದೋಸೆಗೆ ಕೂರುತ್ತಾರೆ. ಆ ದಿನ ಅಣ್ಣ ಗಲ್ಲಾದಿಂದ ಏಳುವುದೇ ಇಲ್ಲ.

ಹಾಗೆ ನಾನು ದೋಸೆ ಓಡಿಸಲು ಕೂತೆ. ಚಂದದ ಕಿಟಕಿ, ಗುಂಡಿ, ಚಿತ್ರಗಳಿರುವ ಪ್ರೋಗ್ರಾಂ ಬರೆಯಲು ನನಗೆ ಬರುವುದಿಲ್ಲ. ಆ ಹಳೆಯ ಕಂಪ್ಯೂಟರಿಗೆ ಅದನ್ನು ಹೊರುವ ಶಕ್ತಿಯೂ ಇರಲಿಲ್ಲ. ನಮ್ಮಿಬ್ಬರಿಗೂ ಗೊತ್ತಿದ್ದದ್ದು ಟರ್ಮಿನಲ್ ಒಂದೇ: ಕಪ್ಪು ಪರದೆ, ಸಾಲು ಸಾಲು ಅಕ್ಷರ. ಅದರಲ್ಲಿ ಬಣ್ಣ ತರುವುದಕ್ಕೆ ಒಂದು ಹಳೆಯ ಉಪಾಯವಿದೆ. ಕೀಬೋರ್ಡಿನ ಎಡಮೂಲೆಯಲ್ಲಿ ಎಸ್ಕೇಪ್ ಎಂಬ ಕೀಲಿ ಇರುತ್ತದಲ್ಲ, ಅದಕ್ಕೊಂದು ಕಣ್ಣಿಗೆ ಕಾಣದ ಅಕ್ಷರವಿದೆ. ಆ ಅಕ್ಷರ, ಒಂದು ಚೌಕ ಕಂಸ, ಒಂದೆರಡು ಅಂಕಿ, ಕೊನೆಗೊಂದು ಅಕ್ಷರ. ಇದನ್ನು ಕಂಡ ಕೂಡಲೇ ಟರ್ಮಿನಲ್ಲಿಗೆ, ಇದು ಓದಿಸುವುದಕ್ಕಲ್ಲ, ತನಗೆ ಕೊಟ್ಟ ಅಪ್ಪಣೆ ಎಂದು ತಿಳಿಯುತ್ತದೆ. ಮೂವತ್ತೊಂದು ಎಂದರೆ ಮುಂದಿನದೆಲ್ಲ ಕೆಂಪು. ಮೂವತ್ತಮೂರು ಎಂದರೆ ಹಳದಿ. ಇಂಥ ಸಾಲಿನ ಇಂಥ ಮನೆಗೆ ಹೋಗು ಎನ್ನುವುದಕ್ಕೆ ಇನ್ನೊಂದು. ಓಡಿಸುವುದು ಎಂದರೆ ಇಷ್ಟೇ: ಬರೆ, ಒಂದು ಕ್ಷಣ ತಡೆ, ಅದೇ ಜಾಗಕ್ಕೆ ಹಿಂದಿರುಗಿ ಅಳಿಸು, ಒಂದು ಮನೆ ಆಚೆಗೆ ಮತ್ತೆ ಬರೆ. ನೋಡುವವರಿಗೆ ಓಟ. ಮಾಡುವವನಿಗೆ ಒರೆಸಿದ್ದನ್ನೇ ಒರೆಸುವ ಕೆಲಸ. ನನ್ನ ಮಟ್ಟಿಗೆ ಹೊಸದೇನಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಸೊನ್ನೆ. ಹಚ್ಚಿದ ಬಣ್ಣವನ್ನು ಟರ್ಮಿನಲ್ ತಾನಾಗಿ ಬಿಡುವುದಿಲ್ಲ. ಸಾಕು, ಮೊದಲಿನಂತಾಗು ಎಂದು ಸೊನ್ನೆಯ ಅಪ್ಪಣೆ ಕೊಡಬೇಕು. ಮರೆತರೆ ಅಲ್ಲಿಂದ ಮುಂದೆ ಬಂದದ್ದೆಲ್ಲ ಅದೇ ಬಣ್ಣ. ಬೆಳಿಗ್ಗೆ ಒಂದು ಕೆಟ್ಟ ಫೋನ್ ಬಂದರೆ ಸಂಜೆಯ ಚಹಾದವರೆಗೂ ಎಲ್ಲವೂ ಕೆಟ್ಟದಾಗಿ ಕಾಣುವ ನನ್ನಂಥವನಿಗೆ ಇದು ಬೇಗ ಅರ್ಥವಾಯಿತು.

ಕನ್ನಡ ಮಾತ್ರ ಕಾಡಿತು. ಟರ್ಮಿನಲ್ಲಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ. ನಮ್ಮ ಒತ್ತು, ಕೊಂಬುಗಳು ಅದರಲ್ಲಿ ಹಿಡಿಸದೆ, ಕಲ್ಯಾಣ್ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವವರಂತೆ ಹೊರಗೆ ನಿಂತವು. ಉತ್ತಪ್ಪವಂತೂ ಗುರುತೇ ಸಿಗಲಿಲ್ಲ. ಎಷ್ಟೋ ಸಂಜೆಗಳನ್ನು ಸುಟ್ಟ ಮೇಲೆ ಕನ್ನಡವನ್ನು ಕೂಡಿಸಿ ಬರೆಯಬಲ್ಲ ಬೇರೊಂದು ಟರ್ಮಿನಲ್ ಸಿಕ್ಕಿತು. ಮಸಾಲೆಗೆ ಹಳದಿ, ಸಾದಾಗೆ ಬಿಳಿ, ಉತ್ತಪ್ಪಕ್ಕೆ ಹಸಿರು, ಇಡ್ಲಿ ವಡೆಗೆ ನೀಲಿ. ಹೊಸ ಆರ್ಡರು ಬಲಗಡೆಯಿಂದ ಹೊರಟು ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಎಡ ಅಂಚು ಮುಟ್ಟುವವರೆಗೂ ಕೊಡದಿದ್ದರೆ ಕೆಂಪಾಗಿ ಮಿಣುಕುತ್ತದೆ. ಮಾವನ ಕೀಬೋರ್ಡಿನಲ್ಲಿ ಒಂದೊಂದು ತಿಂಡಿಗೆ ಒಂದೊಂದು ಕೀಲಿ, ಅದರ ಮೇಲೆ ಬಣ್ಣದ ಸ್ಟಿಕರ್. ಕೆಳಗೆ ಒಂದು ಖಾಲಿ ಸಾಲು, ಈರುಳ್ಳಿ ಬೇಡ, ಖಾರ ಕಡಿಮೆ ಎಂಬಂಥ ಮಾತು ಬರೆಯುವುದಕ್ಕೆ; ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂತೆ ಮಾಡಿದ್ದೆ.

ಒಂದು ಭಾನುವಾರ ಹೋಗಿ ಮಾವನ ಕೀಬೋರ್ಡಿನ ಪಕ್ಕ ಒಂದು ಚಿಕ್ಕ ಪರದೆಯಿಟ್ಟು, ಅದರಲ್ಲಿ ಕಾಣುವುದೇ ಕಾಣುವ ದೊಡ್ಡ ಸ್ಕ್ರೀನನ್ನು ಅಡುಗೆಮನೆಯಲ್ಲಿ, ಕಿಟಕಿಯ ಮೇಲೆ, ತೂಗುಹಾಕಿದೆ. ಹಬೆಗೆ ಶಾರ್ಟ್ ಸರ್ಕ್ಯೂಟ್ ಆಗಿ ಹೋಟೆಲು ಸುಟ್ಟುಹೋದೀತೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಸಿದೆ. ಪ್ಲಾಸ್ಟಿಕ್ಕಿಗೇ ಬೆಂಕಿ ಹತ್ತಿದರೆ ಎಂದು ಆಮೇಲೆ ಹೊಳೆಯಿತು, ತೆಗೆದೆ. ಮಾವ ಮೊದಲ ಕೀಲಿ ಒತ್ತಿದರು. ಹಳದಿ ಮಸಾಲೆ ದೋಸೆ ಗಂಭೀರವಾಗಿ ಹೊರಟಿತು. ಹಿಂದೆ ಇನ್ನೊಂದು. ಒಂದು ಹಸಿರು. ಹಾಲಿನಲ್ಲಿ ಸಪ್ಲೈಯರುಗಳು ಕಿಟಕಿಯ ಮುಂದೆ ಬಂದು ನಿಲ್ಲತೊಡಗಿದರು. ಪರದೆಯ ಎಡ ಅಂಚಿನಲ್ಲಿ ಕೆಂಪು ಸಾಲು ಬೆಳೆಯಿತು. ಕಲಬುರಗಿಯವನು ತಲೆಯನ್ನೇ ಎತ್ತಲಿಲ್ಲ.

"ಅಲ್ಲಪಾ, ಮೇಲೆ ನೋಡಬೇಕಲ್ವಾ?" ಎಂದೆ.

"ಏನ್ರೀ ಸಾಹೇಬ್ರ," ಎಂದ ಅವನು, ಕಾವಲಿಗೆ ನೀರು ಚಿಮುಕಿಸುತ್ತ. "ನಾ ದ್ವಾಸಿ ನೋಡ್ಲ್ಯೋ, ನಿಮ್ ಟಿವಿ ನೋಡ್ಲ್ಯೋ? ಮಾವ ಒದರಿದ್ರ ಕಿವಿಗ್ ಬೀಳ್ತಿತ್ತು. ಕಣ್ಣು ದ್ವಾಸಿ ಮ್ಯಾಲೇ ಇರ್ತಿತ್ತು."

ದಿನವಿಡೀ ಪರದೆ ನೋಡುವವನಿಗೆ ಲೋಕವೆಲ್ಲ ಪರದೆ ನೋಡುತ್ತಿದೆ ಎಂದೇ ಭ್ರಮೆ. ಮುಂದಿನ ವಾರ ಆರ್ಡರಿಗೊಂದು ಗಂಟೆಯ ಸದ್ದು ಸೇರಿಸಿದೆ. ಎಕ್ಸಾಸ್ಟ್ ಫ್ಯಾನಿನ ಮುಂದೆ ಅದು ಸೊಳ್ಳೆಯ ಹಾಡಾಯಿತು. ಅಕ್ಷರ ದೊಡ್ಡದು ಮಾಡಿದೆ, ಮಿಣುಕಿಸಿದೆ. ಕೊನೆಗೆ ಸಪ್ಲೈಯರುಗಳೇ ಕಿಟಕಿಯಲ್ಲಿ ತಲೆ ತೂರಿಸಿ, ಒಬ್ಬೊಬ್ಬ ಒಂದೊಂದು ಭಾಷೆಯಲ್ಲಿ ಕೂಗತೊಡಗಿದರು. ಸಾದಾ ಕೇಳಿದವನಿಗೆ ಮಸಾಲೆ, ಮಸಾಲೆ ಕೇಳಿದವನಿಗೆ ಬಿಲ್ಲು. ಅಣ್ಣ ಟ್ಯಾಬಿನವನ ಕಾರ್ಡನ್ನು ಗಲ್ಲಾದ ಗಾಜಿನ ಕೆಳಗೆ ಕಾಣುವಂತೆ ಇಟ್ಟ. ಮಾವ ಅದನ್ನು ಕಂಡರು. ಆ ಸಂಜೆ ಅವರು ತಮ್ಮ ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸಿ, ಮೆಟ್ಟಿಲ ಬಳಿ ಇಟ್ಟಿದ್ದರೆಂದು ಒಬ್ಬ ಸಪ್ಲೈಯರ್ ಹೇಳಿದ. ಡೊಂಬಿವಲಿಯವರೆಗೆ ನನಗೆ ಕೂರಲು ಜಾಗ ಸಿಕ್ಕಿತ್ತು. ಆದರೂ ಕಾಲು ನೋಯುತ್ತಿತ್ತು.

ಸಂಕಷ್ಟಿಗೆ ಇನ್ನು ಕೆಲವೇ ದಿನ. ನಾನು ಚಹಾ ಕುಡಿಯುತ್ತ, ಸೋತದ್ದನ್ನು ಅಣ್ಣನಿಗೆ ಯಾವ ಮಾತಿನಲ್ಲಿ ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಪರದೆಯಲ್ಲಿ ಕೆಂಪು ಮಸಾಲೆಗಳು ಸಾಲುಗಟ್ಟಿದ್ದವು. ಮಾವ ಇದ್ದಕ್ಕಿದ್ದಂತೆ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಈರುಳ್ಳಿ ಬೇಡ ಎಂದು ಬರೆಯುವ ಆ ಖಾಲಿ ಸಾಲಿನಲ್ಲಿ, ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಒಳಗೆ ಪಾತ್ರೆ ತೊಳೆಯುವವಳು ಮೇಲೆ ನೋಡಿ, ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಕೈಯಲ್ಲಿದ್ದ ತಟ್ಟೆ ಬಿಟ್ಟು ನಕ್ಕಳು. ಮಾವ ಕುಟ್ಟಿದ್ದು ಇಷ್ಟು:

"ಹ್ವಾಯ್ ಕಲಬುರ್ಗಿ ಸರ್ಕಾರ, ತಲೆ ಎತ್ತಿ ಕಾಣ್. ನಾನ್ ಇನ್ನೂ ಸಾಯ್ಲಿಲ್ಲ."

ಅವನು ತಲೆ ಎತ್ತಿದ. ಓದಿದ. ಸೌಟು ಕೈಯಲ್ಲೇ ಇತ್ತು. "ಏ ಮಾವ! ಬಾಯಿ ಮುಚ್ಚ್ಯಾರ ಅಂದ್ರ ಕೈಲೇ ಬೈತೀರಲ್ರೀ!" ಎಂದು ಒದರಿದ. ಎತ್ತಿದ ತಲೆಗೆ ಕೆಂಪು ಸಾಲೂ ಕಂಡಿರಬೇಕು. "ಆರು ಮಸಾಲೆ ಅವ ಏನ್ರೀ? ಮೊದ್ಲೇ ಹೇಳ್ಬಾರ್ದಾ?"

ಅದುವರೆಗೆ ನನ್ನ ಎಣಿಕೆಯಲ್ಲಿ ಮಾವನ ಕೂಗು ಎಂದರೆ ಆರ್ಡರು; ಬೈಗುಳ ಅದರ ಹಬೆ. ನಾನು ಹಬೆಯನ್ನು ಬಿಟ್ಟು ಆರ್ಡರನ್ನಷ್ಟೇ ಪರದೆಗೆ ತಂದಿದ್ದೆ. ಆ ಅಡುಗೆಮನೆ ಬರಿಯ ಆರ್ಡರನ್ನು ಯಾವತ್ತೂ ಕೇಳಿಯೇ ಇರಲಿಲ್ಲ. ಈಗ ಮುಂದಿನ ಬೈಗುಳ ತಪ್ಪೀತೆಂದು ಕಲಬುರಗಿಯವನು ಒಂದೊಂದು ದೋಸೆ ಮಗುಚಿದಾಗಲೂ ಮೇಲೆ ಕಣ್ಣು ಹಾಯಿಸುತ್ತಿದ್ದ. ನಾನು ಆ ಸಾಲನ್ನು ಪರದೆಯ ಮಧ್ಯಕ್ಕೆ ತಂದು, ನೇರಳೆ ಬಣ್ಣ ಕೊಟ್ಟು, ಈ ತುದಿಯಿಂದ ಆ ತುದಿಗೆ ಓಡಿಸಿದೆ. ಮಾವ ಬಿಲ್ಲಿನ ಹಿಂದೆ ಬರೆದರು: "ಮಾಣಿ, ಇನ್ನೂ ಬೇಗ." ಕಲಬುರಗಿಯವನು ಹೇಳಿಕಳಿಸಿದ: "ಜರಾ ಸಾವಕಾಶ ಬಿಡ್ರಿ, ಓದ್ಬೇಕಲ್ರೀ." ಬಹಳ ಗದ್ದಲ ಇದ್ದಾಗ ಬೈಗುಳವೂ ಕೆಂಪಾಗಲಿ ಎಂದು ಮಾವನೇ ಬರೆದು ಕೇಳಿದರು. ಅದನ್ನೂ ಮಾಡಿಕೊಟ್ಟೆ.

ಸಂಕಷ್ಟಿಯ ಸಂಜೆ ಆಫೀಸಿನಲ್ಲಿ ಹೊಟ್ಟೆನೋವು ಎಂದು ಹೇಳಿ ಬೇಗ ಹೊರಟೆ. ಹೋಟೆಲಿನ ಬಾಗಿಲಿನಿಂದ ಪಾರ್ಸಲ್ಲಿನವರ ಸಾಲು ಪಕ್ಕದ ಹೂವಿನಂಗಡಿ ದಾಟಿತ್ತು. ಪರದೆಯಲ್ಲಿ ಬಣ್ಣ ಬಣ್ಣದ ಮೆರವಣಿಗೆ, ಸಾಬುದಾಣಾ ವಡೆಗೆಂದು ಹೊಸದಾಗಿ ಕೊಟ್ಟ ತಿಳಿನೀಲಿಯೂ ಸೇರಿ. ಎಲ್ಲ ಸರಿಯಾಗಿತ್ತು, ಅದೇ ನನ್ನ ಭಯಕ್ಕೆ ಕಾರಣ. ಆಗ ಮಾವ ಒಂದು ಉದ್ದನೆಯ ಕೆಂಪು ಬೈಗುಳ ಬಿಟ್ಟರು. ಪರದೆಯ ಅಗಲಕ್ಕಿಂತ ಉದ್ದ. ಅಷ್ಟುದ್ದ ಯಾರಾದರೂ ಬೈಯುತ್ತಾರೆಂದು ನಾನು ಊಹಿಸಿರಲಿಲ್ಲ. ಅಂಥ ಸಾಲನ್ನು ಕತ್ತರಿಸುವಲ್ಲಿ ಕೊನೆಯ ಸೊನ್ನೆಯೂ ಕತ್ತರಿಸಿಹೋಯಿತು. ಕೆಂಪಿಗೆ ಸೊನ್ನೆ ಬೀಳುವವರೆಗೆ ಬೇರೆ ಬಣ್ಣ ಹಚ್ಚದಂತೆ ನಾನೇ ಬರೆದಿದ್ದೆ. ಮುಂದೆ ಬಂದದ್ದೆಲ್ಲ ಕೆಂಪು. ಮಸಾಲೆ ಕೆಂಪು, ಇಡ್ಲಿ ಕೆಂಪು, ಈಗಷ್ಟೇ ಹೊರಟ ವಡೆಯೂ ಕೆಂಪು.

"ಮಾವ, ಎಲ್ಲಾ ಕೆಂಪಾಗ್ಯಾವ್ರೀ! ಯಾವುದ್ ಮೊದ್ಲು?" ಒಳಗಿನಿಂದ ಕೂಗು ಬಂತು.

ನಾನು ಮೇಜುಗಳ ನಡುವೆ ನುಗ್ಗಿ ಕಿಟಕಿಗೆ ಹೋದೆ. "ಮಾವ, ಒಂದ್ಸಲ ಬಂದ್ ಮಾಡಿ ಶುರು ಮಾಡ್ತೇನೆ," ಎಂದು ಕೀಬೋರ್ಡಿಗೆ ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದರು. ಬಂದ್ ಮಾಡಿದರೆ ಬಾಕಿ ಇರುವ ಆರ್ಡರುಗಳೆಲ್ಲ ಹೋಗುತ್ತವೆಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಇನ್ನೊಂದು ಕೈಯಿಂದ ಕುಟ್ಟಿದರು: "ಹಬ್ಬ ಅಲ್ದಾ, ಎಲ್ಲಾ ಕೆಂಪೇ. ಮೊದ್ಲ್ ವಡೆ. ಆಮೇಲ್ ನಾಕ್ ಮಸಾಲೆ." ಅದು ಓಡಿತು. ಹಿಂದೆಯೇ ಇನ್ನೊಂದು: "ವಡೆ ಕಾಸುಕ್ ಕೊಟ್ಟದ್ದ್, ಸುಡುಕಲ್ಲ." ಒಳಗೆ ನಗು, ಎಣ್ಣೆಯ ಚುರುಗುಟ್ಟು, "ಬಂತ್ರೀ, ಬಂತು!" ಬಣ್ಣದ ಮೇಲೆ ಭರವಸೆ ಬಿಟ್ಟು ಅಡುಗೆಮನೆ ಆ ಒಂದೇ ಸಾಲನ್ನು ನೋಡುತ್ತ ಓಡಿತು. ಯಾವುದು ಮೊದಲು, ಯಾವುದು ನಂತರ ಎಂಬುದೆಲ್ಲ ಮಾವನ ತಲೆಯಲ್ಲಿತ್ತು. ಅವರು ಒಂದೇ ಬೆರಳಲ್ಲಿ ಬೈಯುತ್ತಾ ಇದ್ದರು. ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ, ಅಷ್ಟೇ.

ಜನ ಕರಗಿದ ಮೇಲೆ ಅಣ್ಣ ಗಲ್ಲಾದಿಂದ ಎದ್ದು ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿಯೊಳಗೆ ಬಗ್ಗಿ ಸ್ಕ್ರೀನ್ ನೋಡಿದ. ಮಾವ ಕೂಡಲೇ ಕುಟ್ಟಿದರು: "ಧಣಿಗಳಿಗ್ ಒಂದ್ ಚಾ. ಮೋರೆ ಕಂಡ್ ಸಕ್ರೆ ಜಾಸ್ತಿ ಹಾಕಿ."

ಅಣ್ಣ ಓದಿದ. ನಗಬಾರದೆಂದು ಕೆನ್ನೆ ಉಜ್ಜಿಕೊಂಡ. "ಆ ಟ್ರಂಕ್ ಮೇಲೆ ಹಾಕ್ಸಿ ಮಾವ, ಹೋಗಿಬರುವ ದಾರಿಗೆ ಅಡ್ಡ ಉಂಟು," ಎಂದ. "ನಾಳೆ ಹಾಲು ಬರುವ ಹೊತ್ತಿಗೆ ಕಿಟಕಿಯಲ್ಲಿರಿ. ಲೇಟ್ ಮಾಡ್ಬೇಡಿ." ಗಲ್ಲಾಕ್ಕೆ ಹಿಂದಿರುಗಿ, ಗಾಜಿನ ಕೆಳಗಿನ ಕಾರ್ಡನ್ನು ಎಳೆದು ಖಾನೆಗೆ ಹಾಕಿದ. ಅಲ್ಲಿಂದಲೇ ನನ್ನ ಕಡೆ ತಿರುಗಿದ. "ನೀನು ಎಂತ ನೋಡುದು? ನಿನ್ನ ಕೆಂಪು ಸರಿ ಮಾಡಿ ಹೋಗು."

ಮಾವ ಕಿಟಕಿಯ ಕಡೆಗೆ ತಿರುಗಿ ಬಹಳ ಹೊತ್ತು ಸ್ಟಿಕರುಗಳನ್ನು ಒರೆಸಿದರು. ನಾನು ಗೊತ್ತಾಗದವನಂತೆ ಸ್ಟೂಲು ಎಳೆದು ಕೂತೆ. ಡೊಂಬಿವಲಿಯ ಗಾಡಿಗಳು ಒಂದೊಂದಾಗಿ ಹೋಗುತ್ತಿದ್ದವು. ಇನ್ನು ಈ ಜನ್ಮಕ್ಕೆ ಈ ಸ್ಕ್ರೀನು ನನ್ನ ಕುತ್ತಿಗೆಗೇ. ಫೋನ್ ಬಂದಾಗಲೆಲ್ಲ ಕೋಪರಿ. ಹಬೆಗೆ ಅದು ಕೆಡುತ್ತದೆ, ಖಂಡಿತ ಕೆಡುತ್ತದೆ. ಉದ್ದದ ಸಾಲು ಕತ್ತರಿಸುವ ಜಾಗ ಹುಡುಕಿ, ಬಿಟ್ಟುಹೋದ ಸೊನ್ನೆಯನ್ನು ಸೇರಿಸಿದೆ. ಸರಿಯಾಯಿತೇ ಎಂದು ನೋಡಲು ಒಂದು ಉದ್ದನೆಯ ಬೈಗುಳ ಬೇಕಿತ್ತು. ಕೀಬೋರ್ಡನ್ನು ಮಾವನ ಕಡೆ ಸರಿಸಿದೆ.

ಅವರು ಯೋಚಿಸಲೇ ಇಲ್ಲ. ಪರದೆಯ ಬಲ ಅಂಚಿನಿಂದ ಕೆಂಪಕ್ಷರಗಳು ಹೊರಟವು: "ಡೊಂಬಿವಲಿ ಮಾಣಿಗ್ ಒಂದ್ ಮಸಾಲೆ, ಖಾರ ಕಡ್ಮೆ, ಉಪ್ಪ್ ಕಡ್ಮೆ, ಬಿಪಿ ಇತ್ತ್, ಹೆದ್ರಿಕಿ ಇತ್ತ್, ಬೇಗ ಕೊಟ್ಟ್ ಕಳ್ಸಿ, ಇಲ್ದಿರೆ ಗ್ಯಾಸ್ ಆರ್ಸಿದ್ರಾ ಅಂದ್ ಕೇಳ್ಕಂಡ್ ಇಲ್ಲೇ ಕೂಕಂತ."

"ಆರ್ಸಿಲ್ರೀ ಸಾಹೇಬ್ರ, ನಿಮ್ ದ್ವಾಸಿ ಅದ!" ಎಂದ ಒಳಗಿನವನು.

ಕೊನೆಯ ಅಕ್ಷರ ಎಡ ಅಂಚಿನಲ್ಲಿ ಮರೆಯಾಯಿತು. ಮಾವ ಮಸಾಲೆಯ ಕೀಲಿ ಒತ್ತಿದರು. ಮುಂದಿನದು ಬಂತು, ಒಂದು ಮಸಾಲೆ, ಹಳದಿ.